ಕಸೂತಿಗೆ ಕಟ್ಟು ಹಾಕುವ ಬಗ್ಗೆ ಒಂದು ಗಂಟೆ ಮಾತಾಡಬೇಕಿದೆ, ಏನೇನು ತೋರಿಸಲಿ?

ಬಸವನಗುಡಿ_ಸೂಜಿ

ಎಲ್ಲರಿಗೂ ನಮಸ್ಕಾರ. ನಮ್ಮ ಏರಿಯಾದಲ್ಲಿ ಒಂದು ಕೈಕೆಲಸದ ಗುಂಪಿದೆ. ತಿಂಗಳಿಗೊಮ್ಮೆ ಸೇರುತ್ತಾರೆ. ಹೆಚ್ಚಿನವರು ಧಾರವಾಡದ ಕಸೂತಿ, ಎಳೆ ಎಣಿಸಿ ಹೊಲಿಯುವ ಮ್ಯಾಟಿ ಬಟ್ಟೆ ಮೇಲೆ ಕ್ರಾಸ್ ಸ್ಟಿಚ್, ಮಣಿ ಕೆಲಸ ಮಾಡುವವರು. ಮುಂದಿನ ಸಲ ಸೇರಿದಾಗ ಕಟ್ಟು ಹಾಕುವುದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಖುಷಿಯಿಂದ ಒಪ್ಪಿಕೊಂಡೆ.

ಈ ವಿಷಯ ನನಗೆ ತುಂಬ ಮುಖ್ಯ. ತಿಂಗಳುಗಟ್ಟಲೆ ಕಣ್ಣು ಕೀಲಿಸಿ ಹಾಕಿದ ಕೆಲಸವನ್ನು ನಾವು ಒಂದು ಕವರಿನಲ್ಲಿ ಸುತ್ತಿ ಫ್ರೇಮ್ ಅಂಗಡಿಗೆ ಕೊಟ್ಟು ಬರುತ್ತೇವೆ. ಯಾವ ಬಣ್ಣದ ಪಟ್ಟಿ, ಎಷ್ಟು ಅಗಲ ಅಂತ ಮಾತ್ರ ಹೇಳುತ್ತೇವೆ. ಹಿಂದೆ ಏನು ಹಾಕುತ್ತಾರೆ, ಬಟ್ಟೆಯನ್ನು ಹೇಗೆ ಎಳೆದು ಕೂರಿಸುತ್ತಾರೆ ಅಂತ ಕೇಳುವುದೇ ಇಲ್ಲ. ತಂದು ಗೋಡೆಗೆ ಹಾಕಿದ ದಿನ ಚೆನ್ನಾಗಿಯೇ ಕಾಣುತ್ತದೆ. ಕೆಲವು ವರ್ಷ ಕಳೆದ ಮೇಲೆ ಕಂದು ಕಲೆ, ಬೂಷ್ಟು, ತುಕ್ಕು ಒಂದೊಂದಾಗಿ ಮೇಲೆ ಬರುತ್ತವೆ. ಅಷ್ಟು ಹೊತ್ತಿಗೆ ಸರಿಪಡಿಸುವುದು ಬಹಳ ಕಷ್ಟ.

ಒಂದು ಗಂಟೆ ಸಮಯ ಕೊಟ್ಟಿದ್ದಾರೆ. ಒಗೆಯುವುದು, ಇಸ್ತ್ರಿ, ರಟ್ಟಿಗೆ ಬಿಗಿಯುವುದು, ಮೌಂಟ್ (ಗಾಜಿಗೂ ಬಟ್ಟೆಗೂ ನಡುವೆ ಕೂರುವ, ಕಿಟಕಿ ಕತ್ತರಿಸಿದ ರಟ್ಟು), ಗಾಜು, ಗೋಡೆಗೆ ನೇತುಹಾಕುವುದು, ಇಷ್ಟೂ ಹೇಳಬೇಕು ಅಂತ ಆಸೆ. ಎಲ್ಲಾ ತುರುಕಿದರೆ ಯಾರ ತಲೆಯಲ್ಲೂ ಏನೂ ಉಳಿಯಲ್ಲ ಅನ್ನೋ ಅಳುಕೂ ಇದೆ. ಸ್ಲೈಡ್ ಮಾಡಲಾ, ಕೈಯಲ್ಲೇ ಮಾಡಿ ತೋರಿಸಲಾ? ಯಾವುದನ್ನು ಬಿಡಬಹುದು? ಅನುಭವ ಇರುವವರು ಹೇಳಿ.

ಗವಂತಿ_ಮುರ್ಗಿ

ಸ್ಲೈಡ್ ಬೇಡ ರೀ. ಸೂಜಿ ಹಿಡಿಯೋರು ಕೈ ನೋಡಿ ಕಲೀತಾರೆ.

ನನ್ನ ಸಲಹೆ ಒಂದೇ. ಒಂದು ಹಳೇ ಫ್ರೇಮ್ ತಗೊಂಡು ಹೋಗಿ, ಅವರೆದುರಿಗೇ ಹಿಂಭಾಗ ಬಿಚ್ಚಿ. ಬೇರೇನೂ ಹೇಳಬೇಕಾಗಿಲ್ಲ, ಅದೇ ಅರ್ಧ ಭಾಷಣ. ನಮ್ಮವ್ವ ಹಾಕಿದ ಆನೆ ಅಂಬಾರಿ ಒಂದು ಧಾರವಾಡದ ಮನೆಯಲ್ಲಿತ್ತು. ವಿಜಯನಗರದ ಮನೆಗೆ ತಂದ ಮೇಲೆ ಬಿಚ್ಚಿದೆ. ಹಿಂದೆ ತೆಳು ಪ್ಲೈವುಡ್. ಅದರ ಮರದ ಗೆರೆಗಳು ಹಾಗೇ ಬಟ್ಟೆ ಮೇಲೆ ಕಂದು ಗೆರೆಗಳಾಗಿ ಮೂಡಿದ್ದವು. ಅಂಚಿನ ಸುತ್ತ ಸಣ್ಣ ಮೊಳೆ ಹೊಡೆದಿದ್ದರು. ಪ್ರತಿ ಮೊಳೆಯ ಸುತ್ತ ಒಂದೊಂದು ತುಕ್ಕಿನ ಉಂಗುರ. ಅಂಬಾರಿಯ ಮೇಲ್ಭಾಗ ಗಾಜಿಗೆ ಅಂಟಿಕೊಂಡೇ ಇತ್ತು. ಅಲ್ಲಿ ಕೆಂಪು ರೇಷ್ಮೆ ಎಳೆ ಚಪ್ಪಟೆಯಾಗಿ, ಮೇಲೆ ಬೂದು ಚುಕ್ಕೆ ಚುಕ್ಕೆ ಬೂಷ್ಟು. ಅದೇ ಆನೆಯ ಕಾಲಿನ ಹತ್ತಿರ ಗಾಜು ತಾಗಿರಲಿಲ್ಲ. ಅಲ್ಲಿಯ ಎಳೆ ನಿನ್ನೆ ಹಾಕಿದಂಗ ಹೊಳೀತಿತ್ತು.

ಒಂದೇ ಬಟ್ಟೆ, ಒಂದೇ ದಾರ, ಒಂದೇ ಗೋಡೆ. ತಾಗಿದ ಕಡೆ ಹೋಗಿದೆ, ತಾಗದ ಕಡೆ ಉಳಿದಿದೆ. ಇದನ್ನು ಯಾವ ಸ್ಲೈಡ್ ತೋರಿಸುತ್ತೆ ಹೇಳಿ?

ಫ್ರೇಮ್_ಅಂಗಡಿ_ಬಳೇಪೇಟೆ

ಅಂಗಡಿಯವರ ಕಡೆಯಿಂದ ಒಂದೆರಡು ಮಾತು. ನಮ್ಮಲ್ಲಿ ಬರುವುದು ಹೆಚ್ಚಾಗಿ ದೇವರ ಫೋಟೋ, ಮದುವೆ ಫೋಟೋ, ಡಿಗ್ರಿ ಸರ್ಟಿಫಿಕೇಟ್. ಅವಕ್ಕೆ ಗಾಜು, ಫೋಟೋ, ಹಿಂದೆ ರಟ್ಟು, ನಾಲ್ಕು ಮೊಳೆ, ಮುಗೀತು. ಬಟ್ಟೆ ಬಂದಾಗಲೂ ಕೈ ಅದೇ ಅಭ್ಯಾಸದಲ್ಲಿ ಹೋಗುತ್ತೆ. ಸಂಜೆಗೇ ಬೇಕು, ಕಡಿಮೆಗೆ ಮಾಡ್ಕೊಡಿ ಅಂದರೆ ಇನ್ನೂ ಹಾಗೇ.

ಅಕ್ಕ, ನಿಮ್ಮ ಗುಂಪಿನವರಿಗೆ ಇದನ್ನು ಹೇಳಿ: ಬಟ್ಟೆಯನ್ನು ನೀವೇ ರಟ್ಟಿಗೆ ಬಿಗಿದು ತಂದುಕೊಡಿ. ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ, ನಮ್ಮ ಹುಡುಗರಿಗೆ ಅಷ್ಟು ತಾಳ್ಮೆ ಇಲ್ಲ, ನಿಮಗಿದೆ. ಬಿಗಿದು ತಂದದ್ದನ್ನು ಫ್ರೇಮಿನೊಳಗೆ ಕೂರಿಸುವುದು ನಮಗೆ ಸುಲಭ. ಖರ್ಚೂ ಉಳಿಯುತ್ತೆ. ಆದರೆ ರಟ್ಟು ಕತ್ತರಿಸುವ ಮುಂಚೆ ಅಂಗಡಿಗೆ ಬನ್ನಿ. ಫ್ರೇಮ್ ಪಟ್ಟಿಯ ಒಳಗೆ ಗಾಜು ಕೂರುವ ತಗ್ಗು ಇರುತ್ತಲ್ಲ, ಅದರ ಆಳ ನೋಡಬೇಕು. ತೆಳು ಪಟ್ಟಿಯಲ್ಲಿ ಗಾಜು, ಮೌಂಟ್, ಬಟ್ಟೆ ಬಿಗಿದ ರಟ್ಟು, ಹಿಂದಿನ ಹಲಗೆ ಇಷ್ಟೂ ಹಿಡಿಯಲ್ಲ. ಹಿಡಿಯದಿದ್ದರೆ ಒತ್ತಿ ಒತ್ತಿ ಕೂರಿಸುತ್ತಾರೆ, ಕೆಲಸ ಹೋಗಿ ಗಾಜಿಗೆ ತಾಗುತ್ತೆ. ಮೇಲಿನವರು ಹೇಳಿದ ಬೂಷ್ಟು ಶುರುವಾಗೋದು ಅಲ್ಲಿಂದಲೇ.

ಬಸವನಗುಡಿ_ಸೂಜಿ

ಗವಂತಿ ಅವರೇ, ತೀರ್ಮಾನ ಆಯಿತು, ಹಳೇ ಫ್ರೇಮ್ ಬಿಚ್ಚಿಯೇ ಶುರು ಮಾಡುತ್ತೇನೆ. ಬಳೇಪೇಟೆ ಅಣ್ಣಾ, ನಿಮ್ಮ ಮಾತು ಚಿನ್ನದಂಥದ್ದು. ತಗ್ಗಿನ ಆಳದ ವಿಷಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನಾಲ್ಕೈದು ಪಟ್ಟಿಗಳ ತುಂಡು ತಂದು ಎಲ್ಲರ ಕೈಗೂ ಕೊಡುತ್ತೇನೆ.

ಮ್ಯಾಟಿ_ಹುಡುಗಿ

ನಾನು ಹೊಸಬಳು. ಸುತ್ತ ಎಷ್ಟು ಬಟ್ಟೆ ಬಿಡಬೇಕು ಅಂತ ಪ್ಲೀಸ್ ಅದರಲ್ಲಿ ಹೇಳಿ. ಎಲ್ಲರೂ 3 ಇಂಚು ಅಂತಾರೆ. ಅಷ್ಟು ಬಿಟ್ಟರೂ ಅಂಗಡಿಯಲ್ಲಿ ಸಾಲಲ್ಲ ಅಂತ ವಾಪಸ್ ಕಳಿಸಿದರು.

ಬಸವನಗುಡಿ_ಸೂಜಿ

ಮೌಂಟ್ ಹಾಕಿಸುವ ಯೋಚನೆ ಇತ್ತಾ? ಹಾಗಾದರೆ 3 ಇಂಚು ಸಾಲಲ್ಲಪ್ಪ. ಲೆಕ್ಕ ನೋಡು.

14 ಕೌಂಟ್ ಬಟ್ಟೆ ಅಂದರೆ ಇಂಚಿಗೆ 14 ಹೊಲಿಗೆ. ನಿನ್ನ ಚಿತ್ರ 140 ಹೊಲಿಗೆ ಅಗಲ, 112 ಹೊಲಿಗೆ ಎತ್ತರ ಅಂದುಕೋ. 10 ಇಂಚು, 8 ಇಂಚು ಆಯಿತು. ಸುತ್ತ ಅರ್ಧ ಇಂಚು ಬಟ್ಟೆ ಕಾಣಲಿ ಅಂದರೆ ಮೌಂಟಿನ ಕಿಟಕಿ 11 ಕ್ಕೆ 9. ಮೌಂಟ್ 2 ಇಂಚು ಅಗಲ ಇದ್ದರೆ ಹೊರ ಅಳತೆ 15 ಕ್ಕೆ 13. ರಟ್ಟೂ ಅಷ್ಟೇ ದೊಡ್ಡದು. ಆ ರಟ್ಟಿನ ಹಿಂದಕ್ಕೆ ಸುತ್ತಲೂ 2 ಇಂಚು ಮಡಚಲು ಬಟ್ಟೆ ಬೇಕು. ಅಲ್ಲಿಗೆ 19 ಕ್ಕೆ 17 ಇಂಚಿನ ಬಟ್ಟೆ. 3 ಇಂಚು ಬಿಟ್ಟಿದ್ದರೆ ನಿನ್ನ ಹತ್ತಿರ ಇರೋದು 16 ಕ್ಕೆ 14 ಮಾತ್ರ.

ಹೊಲಿದು ಮುಗಿದಿದ್ದರೂ ಚಿಂತೆ ಇಲ್ಲ. ಒಗೆದು ಒಣಗಿಸಿದ ಬಿಳಿ ಕಾಟನ್ ಪಟ್ಟಿಯನ್ನು ನಾಲ್ಕೂ ಅಂಚಿಗೆ ಮಷಿನ್ನಲ್ಲಿ ಹೊಲಿದು ಉದ್ದ ಮಾಡಿಕೊಳ್ಳಬಹುದು. ಆ ಜೋಡಣೆ ಮೌಂಟಿನ ಕೆಳಗೆ ಮುಚ್ಚಿಹೋಗುತ್ತದೆ. ಹೊಲಿಯಲು ಕೂರುವ ಮುಂಚೆಯೇ ಫ್ರೇಮ್ ಅಳತೆ ಯೋಚಿಸಿ ಅಂತ ಭಾಷಣದಲ್ಲಿ ಖಂಡಿತ ಹೇಳುತ್ತೇನೆ.

ಎಳೆ_ಎಳೆ

ಬಟ್ಟೆ ಸಂರಕ್ಷಣೆಯ ಕೆಲಸ ಸ್ವಲ್ಪ ಗೊತ್ತಿರುವುದರಿಂದ ಬರೆಯುತ್ತಿದ್ದೇನೆ. ನಿಮ್ಮ ಒಂದು ಗಂಟೆಯಲ್ಲಿ ಅರ್ಧದಷ್ಟನ್ನು ದಾರದಿಂದ ಬಿಗಿಯುವುದಕ್ಕೇ ಇಡಿ. ಉಳಿದದ್ದನ್ನು ಅಂಗಡಿಯವರಿಂದ ಮಾಡಿಸಬಹುದು. ಇದನ್ನು ನಾವೇ ಮಾಡಬೇಕು.

ನಾನು ಹೇಳಿಕೊಡುವ ಕ್ರಮ ಇದು. ಆಸಿಡ್-ಫ್ರೀ (ಆಮ್ಲ ಇಲ್ಲದ) ಮೌಂಟ್ ಬೋರ್ಡ್ ಅಥವಾ ಅದೇ ಗುಣದ ಫೋಮ್ ಬೋರ್ಡ್ ತಗೊಳ್ಳಿ. ಫ್ರೇಮಿನ ಒಳ ಅಳತೆಗಿಂತ ಸುಮಾರು 3 ಮಿ.ಮೀ. ಚಿಕ್ಕದಾಗಿ ಕತ್ತರಿಸಿ. ಬಟ್ಟೆ ಮಡಚಿ ಬಂದಾಗ ಅಂಚಿನಲ್ಲಿ ದಪ್ಪ ಆಗುತ್ತಲ್ಲ, ಅದಕ್ಕೆ ಜಾಗ ಬೇಕು. ಅದರ ಮೇಲೆ ಒಗೆದ ಬಿಳಿ ಕಾಟನ್ ಫ್ಲಾನೆಲ್ ಒಂದು ಪದರ. ಹಿಂದುಗಡೆಯ ದಾರದ ತುದಿಗಳು, ದಪ್ಪ ಜಾಗಗಳು ಅದರಲ್ಲಿ ಹುದುಗಿಕೊಳ್ಳುತ್ತವೆ, ಮುಂದೆ ಉಬ್ಬು ಕಾಣಲ್ಲ.

ಬಟ್ಟೆಯ ನಾಲ್ಕೂ ಬದಿಯ ನಡುಭಾಗ ಗುರುತು ಮಾಡಿ. ಪೆನ್ಸಿಲ್ ಬೇಡ, ಬೇರೆ ಬಣ್ಣದ ದಾರದಲ್ಲಿ ಒಂದು ಹೊಲಿಗೆ ಸಾಕು. ರಟ್ಟಿನ ಬದಿಗಳ ನಡುಭಾಗವನ್ನೂ ಗುರುತಿಸಿ. ಎರಡನ್ನೂ ಕೂಡಿಸಿ, ತುಕ್ಕು ಹಿಡಿಯದ ಗುಂಡುಸೂಜಿಯನ್ನು ರಟ್ಟಿನ ದಪ್ಪದೊಳಗೆ ಚುಚ್ಚಿ. ನಡುವಿನಿಂದ ಮೂಲೆಯ ಕಡೆಗೆ ಇಂಚಿಗೊಂದು ಸೂಜಿ. ಎದುರುಬದುರು ಬದಿಗಳನ್ನು ಒಟ್ಟೊಟ್ಟಿಗೆ ಮಾಡುತ್ತಾ ಹೋಗಿ. ಪ್ರತಿ ಸಲವೂ ನೇಯ್ಗೆಯ ಒಂದು ಎಳೆ ರಟ್ಟಿನ ಅಂಚಿಗೆ ನೇರವಾಗಿದೆಯಾ ನೋಡಿ. ಆ ಎಳೆ ಸೊಟ್ಟಗಾದರೆ ಇಡೀ ಚಿತ್ರ ಸೊಟ್ಟ. ಎಣಿಸಿ ಹಾಕುವ ಕಸೂತಿಯಲ್ಲಂತೂ ದೂರದಿಂದಲೇ ಕಣ್ಣಿಗೆ ಹೊಡೆಯುತ್ತೆ.

ಆಮೇಲೆ ತಿರುಗಿಸಿ. ಗಟ್ಟಿ ಕಾಟನ್ ದಾರವನ್ನು ಉಂಡೆಯಿಂದ ಕತ್ತರಿಸದೆ ಸೂಜಿಗೆ ಪೋಣಿಸಿ. ಆ ಬದಿಗೊಂದು ಈ ಬದಿಗೊಂದು ಹೊಲಿಗೆ, ಸುಮಾರು ಒಂದೂವರೆ ಸೆಂ.ಮೀ. ಅಂತರದಲ್ಲಿ. ಬಟ್ಟೆಯ ಕತ್ತರಿಸಿದ ಅಂಚಿನಿಂದ ಕನಿಷ್ಠ ಒಂದು ಸೆಂ.ಮೀ. ಒಳಗೆ ಚುಚ್ಚಿ, ಇಲ್ಲದಿದ್ದರೆ ಎಳೆದಾಗ ಬಿಚ್ಚಿಕೊಳ್ಳುತ್ತದೆ. ಕೊನೆ ತಲುಪಿದ ಮೇಲೆ ಮೊದಲ ಹೊಲಿಗೆಯಿಂದ ಒಂದೊಂದಾಗಿ ಬೆರಳಲ್ಲಿ ಎಳೆದು ಬಿಗಿ ಮಾಡುತ್ತಾ ಬನ್ನಿ. ಸಡಿಲ ಎಲ್ಲಾ ಉಂಡೆಯ ಕಡೆಗೆ ಬರುತ್ತೆ. ಆಗ ಗಂಟು ಹಾಕಿ ಕತ್ತರಿಸಿ. ಇನ್ನೆರಡು ಬದಿಗೂ ಹೀಗೇ. ಮೂಲೆಗಳನ್ನು ಅಂದವಾಗಿ ಮಡಚಿ ನಾಲ್ಕು ಹೊಲಿಗೆ ಹಾಕಿ, ಸೂಜಿಗಳನ್ನು ತೆಗೆಯಿರಿ. ರಟ್ಟು ಬಾಗುವಷ್ಟು ಬಿಗಿ ಬೇಡ. ಮುಂದಿನಿಂದ ಬಟ್ಟೆ ಸಪಾಟಾಗಿ ಕಂಡರೆ ಸಾಕು.

ಅಂಟು, ಡಬಲ್ ಟೇಪ್, ಸ್ಟೇಪಲ್ ಪಿನ್ನು ಒಂದೂ ಬೇಡ. ಟೇಪಿನ ಅಂಟು ವರ್ಷ ಕಳೆದಂತೆ ಹಳದಿಯಾಗಿ ಬಟ್ಟೆಯೊಳಗೆ ಇಳಿಯುತ್ತದೆ. ದಾರದಿಂದ ಬಿಗಿದದ್ದನ್ನು ಕತ್ತರಿಯಿಂದ ನಾಲ್ಕು ಕಡೆ ಕತ್ತರಿಸಿದರೆ ಬಟ್ಟೆ ಇದ್ದ ಹಾಗೇ ಕೈಗೆ ಬರುತ್ತೆ. ನಿಮ್ಮ ಮಗಳೋ ಮೊಮ್ಮಗಳೋ ಮುಂದೆ ಬಿಚ್ಚಬೇಕಾದಾಗ ಬಿಚ್ಚಲು ಆಗಬೇಕು. ನಾನು ಎಲ್ಲವನ್ನೂ ಈ ಒಂದು ಪ್ರಶ್ನೆ ಇಟ್ಟುಕೊಂಡೇ ನೋಡುತ್ತೇನೆ.

ರಾಜಾಜಿನಗರ_ಕೈಕೆಲಸ

ಒಂದು ಭಿನ್ನಾಭಿಪ್ರಾಯ ಹೇಳಲಾ? ನನಗೆ ಗಾಜೇ ಇಷ್ಟ ಇಲ್ಲ. ದಾರದ ಮೇಲೆ ಬೆಳಕು ಆಡೋದು, ಹೊಲಿಗೆಯ ಉಬ್ಬು, ಎಲ್ಲಾ ಗಾಜಿನ ಹಿಂದೆ ಹೋದರೆ ಪ್ರಿಂಟ್ ಹಾಕಿದ ಚಿತ್ರದ ಥರ ಕಾಣುತ್ತೆ. ನಮ್ಮ ಮನೆಯಲ್ಲಿ ಗಾಜಿಲ್ಲದೆಯೇ ಹಾಕಿದ್ದೇನೆ.

ಬಸವನಗುಡಿ_ಸೂಜಿ

ಗಾಜಿಲ್ಲದ ಕಸೂತಿ ನೋಡೋಕೆ ಚೆಂದ, ಅದನ್ನು ಒಪ್ಪುತ್ತೇನೆ. ಆದರೆ ಬೆಂಗಳೂರಿನ ಧೂಳಿಗೆ ನನ್ನ ಕೆಲಸವನ್ನು ಒಡ್ಡಲು ಮನಸ್ಸು ಬರಲ್ಲ. ಮುಖ್ಯ ರಸ್ತೆ ಬದಿಯ ಮನೆಯಲ್ಲಿ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಬೆರಳಲ್ಲಿ ಬರೆಯಬಹುದು. ಆ ಧೂಳು ದಾರದ ಎಳೆಗಳೊಳಗೆ ಕೂತರೆ ತೆಗೆಯಲು ಒಗೆಯಲೇಬೇಕು. ಪೂಜಾಕೋಣೆಯಲ್ಲಿ ಹಾಕುವ ಮಣಿ ಕೆಲಸದ ಕೃಷ್ಣ, ಗಣಪತಿಗಂತೂ ಗಾಜು ಬೇಕೇ ಬೇಕು. ದೀಪದ ಹೊಗೆ, ಊದಿನಕಡ್ಡಿ ಹೊಗೆ, ಹಬ್ಬದ ದಿನ ಹಚ್ಚುವ ಕುಂಕುಮ, ಎಲ್ಲ ಗಾಜಿನ ಮೇಲೇ ಇರಲಿ.

ಪ್ರಿಂಟ್ ಥರ ಕಾಣೋದಕ್ಕೆ ಗಾಜು ಒತ್ತಿಕೊಂಡಿರುವುದೇ ಕಾರಣ ಅಲ್ವಾ? ನಡುವೆ ಜಾಗ ಬಿಟ್ಟು ನೋಡಿ, ಉಬ್ಬು ಉಬ್ಬಾಗಿಯೇ ಕಾಣುತ್ತದೆ. ಸಪಾಟು ಕಸೂತಿಗೆ ಎರಡು ಪದರ ಮೌಂಟ್ ಸಾಕು. ಮಣಿ ಕೆಲಸಕ್ಕೆ, ಕನ್ನಡಿ ಕೂರಿಸಿದ ಸಂಡೂರಿನ ಲಂಬಾಣಿ ಕೆಲಸಕ್ಕೆ ಸಾಲಲ್ಲ. ಅಲ್ಲಿ ಗಾಜಿನ ಅಂಚಿನಡಿ, ಫ್ರೇಮಿನ ಒಳಗೆ ಕಾಣದ ಹಾಗೆ ದಪ್ಪ ಪಟ್ಟಿ ಕೊಡಿಸಬೇಕು.

ಹೊಳಪಿಲ್ಲದ ಗಾಜು ಅಂತ ಮಂಜು ಮಂಜಾಗಿರುವ ಗಾಜು ಕೊಡುತ್ತಾರಲ್ಲ, ಅದನ್ನು ಮಾತ್ರ ಬೇಡ ಅನ್ನಿ. ಬಟ್ಟೆಯಿಂದ ದೂರ ಇಟ್ಟಷ್ಟೂ ಚಿತ್ರ ಮಬ್ಬಾಗುತ್ತೆ. ನಮಗೆ ದೂರವೇ ಬೇಕಲ್ಲ.

ಫ್ರೇಮ್_ಅಂಗಡಿ_ಬಳೇಪೇಟೆ

ಭಾರದ ಲೆಕ್ಕವನ್ನೂ ಹೇಳಿ ಅಕ್ಕ. 2 ಮಿ.ಮೀ. ಗಾಜು ಚದರ ಮೀಟರಿಗೆ 5 ಕೆ.ಜಿ. ತೂಗುತ್ತೆ. 2 ಅಡಿಗೆ 3 ಅಡಿ ಫ್ರೇಮಿನಲ್ಲಿ ಗಾಜೇ ಸುಮಾರು 2.8 ಕೆ.ಜಿ. ಅಷ್ಟಕ್ಕೆ ಒಂದು ಮೊಳೆ, ಒಂದು ದಾರ ಸಾಲಲ್ಲ. ಹಿಂದೆ ಎರಡು ಕಡೆ ಕೊಂಡಿ, ಗೋಡೆಯಲ್ಲಿ ಎರಡು ಸ್ಕ್ರೂ ಬೇಕು. ಗಾಜಿನ ಬದಲು ಆಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಹಾಕಿದರೆ ತೂಕ ಅರ್ಧಕ್ಕಿಂತ ಕಡಿಮೆ, ಸುಲಭಕ್ಕೆ ಒಡೆಯೋದೂ ಇಲ್ಲ. ಆದರೆ ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತೆ.

ಎಳೆ_ಎಳೆ

ಉಜ್ಜಿದಾಗ ಆಕ್ರಿಲಿಕ್ ಸ್ಥಿರ ವಿದ್ಯುತ್ತಿನಿಂದ ಸಡಿಲ ಎಳೆಗಳನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬಿಡಿ ಎಳೆ, ಉಣ್ಣೆ, ಕುಚ್ಚು ಇರುವ ಕೆಲಸಕ್ಕೆ ಗಾಜೇ ಸರಿ.

ಬೆಳಕಿನ ಬಗ್ಗೆಯೂ ಎರಡು ನಿಮಿಷ ಇಡಿ. ವಸ್ತುಸಂಗ್ರಹಾಲಯಗಳಲ್ಲಿ ಬಟ್ಟೆಗೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಮಿತಿ ಇಡುತ್ತಾರೆ. ಹಗಲಲ್ಲಿ ನಮ್ಮ ಕಿಟಕಿ ಪಕ್ಕದ ಬೆಳಕು ಅದರ ಹತ್ತಾರು ಪಟ್ಟು. ಯುವಿ (ಕಣ್ಣಿಗೆ ಕಾಣದ ನೇರಳಾತೀತ ಕಿರಣ) ತಡೆಯುವ ಗಾಜು ಒಳ್ಳೆಯದೇ, ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತೆಗೆಯುತ್ತದೆ. ಯುವಿ ಗಾಜು ಹಾಕಿಸಿದ್ದೇವೆ ಅಂತ ಬಿಸಿಲಿಗೆ ಇಡಬಾರದು. ನೈಸರ್ಗಿಕ ಬಣ್ಣಗಳಲ್ಲಿ ಅರಿಸಿನ ಬಹಳ ಬೇಗ ಹೋಗುತ್ತೆ, ನೀಲಿ ಜಾಸ್ತಿ ತಾಳುತ್ತೆ.

ಗವಂತಿ_ಮುರ್ಗಿ

ನನ್ನದೊಂದು ಬಹಳ ದಿನದ ಸಂಕಟ. ಗವಂತಿ, ಮುರ್ಗಿ ಎರಡೂ ಹೊಲಿಗೆ ಹಿಂದೆ ಮುಂದೆ ಒಂದೇ ಥರ ಬರುತ್ತವೆ. ಗಂಟು ಹಾಕೋಹಂಗಿಲ್ಲ, ದಾರದ ತುದಿಯನ್ನೂ ಮುಚ್ಚಿಡಬೇಕು. ಕಸೂತಿ ಹಾಕೋಳ ಕೈಚಳಕ ಇರೋದೇ ಹಿಂದಿನ ಮಗ್ಗುಲಲ್ಲಿ. ಅದನ್ನೇ ರಟ್ಟಿಗೆ ಅಂಟಿಸಿ ಮುಚ್ಚಿಬಿಟ್ಟರೆ ಹೊಟ್ಟೆ ಉರಿಯುತ್ತೆ. ಇದಕ್ಕೆ ದಾರಿ ಇಲ್ವಾ?

ಎಳೆ_ಎಳೆ

ಇದೆ. ರಟ್ಟಿನ ನಡುವೆ ಚಿತ್ರದ ಅಳತೆಗೆ ಕಿಟಕಿ ಕತ್ತರಿಸಿ. ರಟ್ಟಿನ ಚೌಕಕ್ಕೆ ಮೊದಲು ಕಾಟನ್ ಬಟ್ಟೆ ಸುತ್ತಿ ಹೊಲಿಯಿರಿ. ಕಸೂತಿ ಬಟ್ಟೆಯ ಖಾಲಿ ಅಂಚನ್ನು ಆ ಕಾಟನ್ನಿಗೆ ಸಣ್ಣ ಸಣ್ಣ ಹೊಲಿಗೆಯಲ್ಲಿ ಕೂಡಿಸಿ. ನಡುಭಾಗ ಗಾಳಿಯಲ್ಲಿ ನಿಲ್ಲುತ್ತೆ. ಎರಡೂ ಕಡೆ ಮೌಂಟ್, ಎರಡೂ ಕಡೆ ಗಾಜು. ಮೇಜಿನ ಮೇಲೆ ನಿಲ್ಲಿಸುವ ಫ್ರೇಮ್ ಮಾಡಿಸಿದರೆ ಎರಡು ಕಡೆಯಿಂದಲೂ ನೋಡಬಹುದು. ಬಟ್ಟೆ ಗಟ್ಟಿ ಇದ್ದರೆ ಮಾತ್ರ ಇದು. ಹಳೇ ಇಳಕಲ್ ಸೀರೆಯಿಂದ ಕತ್ತರಿಸಿದ ತುಂಡಿಗೆ ಬೇಡ, ಅದಕ್ಕೆ ಅಡಿಯಲ್ಲಿ ಪೂರ್ತಿ ಆಸರೆ ಇರಲೇಬೇಕು.

ಗವಂತಿ_ಮುರ್ಗಿ

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ತುಳಸಿಕಟ್ಟೆ ಚಿತ್ರದ ಕಸೂತಿ ಒಂದಿದೆ, ಮೊದಲು ಅದಕ್ಕೇ ಹೀಗೆ ಕಟ್ಟು ಹಾಕಿಸ್ತೀನಿ.

ಬಸವನಗುಡಿ_ಸೂಜಿ

ಭಾಷಣ ಮುಗಿಯಿತು! ಹೇಗಾಯಿತು ಅಂತ ಬರೆಯುತ್ತೇನೆ.

ಹಳೇ ಫ್ರೇಮ್ ಬಿಚ್ಚಿ ಶುರು ಮಾಡಿದೆ. ಕಾಗದ ಹರಿದು, ಮೊಳೆ ಕಿತ್ತು, ರಟ್ಟು ಎತ್ತಿದಾಗ ಹಿಂದಿನ ಸಾಲಿನವರೂ ಎದ್ದು ಬಂದು ಮೇಜಿನ ಸುತ್ತ ನಿಂತರು. ಆಮೇಲೆ ಯಾರೂ ಕುರ್ಚಿಗೆ ವಾಪಸ್ ಹೋಗಲಿಲ್ಲ. ಹಾಗಾಗಿ ಬಿಗಿಯುವುದನ್ನು ನಿಂತುಕೊಂಡೇ ಮಾಡಿ ತೋರಿಸಿದೆ. ಕರವಸ್ತ್ರದಷ್ಟು ಬಟ್ಟೆ, ಕಪ್ಪು ದಾರ ತಗೊಂಡಿದ್ದೆ, ದೂರಕ್ಕೂ ಕಾಣಲಿ ಅಂತ. ಅರ್ಧ ಬದಿ ನಾನು ಮಾಡಿ ಉಳಿದರ್ಧ ಅವರ ಕೈಗೆ ಕೊಟ್ಟೆ. ಸಡಿಲ ಎಳೆಯುವ ಹಂತದಲ್ಲಿ ಸುಕ್ಕು ಹೋಗಿ ಬಟ್ಟೆ ಸಪಾಟಾದದ್ದು ಕಂಡು ಒಬ್ಬ ಹಿರಿಯರು ಚಪ್ಪಾಳೆ ತಟ್ಟಿದರು.

ಪ್ರಶ್ನೆಗಳು ಜಾಸ್ತಿ ಬಂದದ್ದು ಒಗೆಯುವುದರ ಬಗ್ಗೆ. ಕೈಯ ಬೆವರು, ಎಣ್ಣೆ ಇದ್ದ ಹಾಗೇ ಒಳಗೆ ಸೇರಿದರೆ ಮುಂದೆ ಹಳದಿ ಕಲೆ ಆಗುತ್ತೆ, ಹಾಗಾಗಿ ಹೊಸ ಕಾಟನ್ ಕೆಲಸವನ್ನು ಒಗೆದೇ ಕಟ್ಟು ಹಾಕಿಸಿ ಅಂದೆ. ಅದಕ್ಕೂ ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಪ್ರತಿ ಬಣ್ಣದ ಮೇಲೂ ಒತ್ತಿ ನೋಡಬೇಕು. ಕೆಂಪು, ಕಪ್ಪು, ಕಡುನೀಲಿಯನ್ನು ಎರಡು ಸಲ. ಬಣ್ಣ ಬಿಡದಿದ್ದರೆ ತಣ್ಣೀರು, ಸೌಮ್ಯ ಸೋಪು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತುವುದು. ದಪ್ಪ ಟವೆಲ್ ಮೇಲೆ ಕವುಚಿ ಹಾಕಿ ಹಿಂದಿನಿಂದ ಇಸ್ತ್ರಿ. ಜರಿ ಇದ್ದರೆ, ಹಳೇ ರೇಷ್ಮೆ ಆದರೆ ನೀರು ಮುಟ್ಟಿಸುವುದೇ ಬೇಡ.

ಇನ್ನೊಬ್ಬರು ಮನೆಯ ಹೊರಗೋಡೆಯ ಬಗ್ಗೆ ಕೇಳಿದರು. ಮಳೆಗಾಲದಲ್ಲಿ ತೇವ ಹೀರುವ ಗೋಡೆಗೆ ಹಾಕಲೇಬೇಡಿ, ಒಳಗೋಡೆ ಆರಿಸಿಕೊಳ್ಳಿ ಅಂದೆ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕ್ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಹಿಂಭಾಗದ ಸಂದುಗಳಿಗೆ ಕಾಗದದ ಟೇಪ್ ಹಾಕಿ ಹುಳ ಹೋಗದಂತೆ ಮುಚ್ಚಬೇಕು. ಒಳಗೆ ನುಸಿಗುಳಿಗೆ ಇಡಬಹುದಾ ಅಂತಲೂ ಕೇಳಿದರು. ಬೇಡ, ದಾರದ ಪಕ್ಕದಲ್ಲಿ ಆ ರಾಸಾಯನಿಕ ಇರಬಾರದು.

ಒಂದು ಗಂಟೆ ಸಾಲಲಿಲ್ಲ. ಬೆಳಕಿನ ವಿಷಯ ಓಡಿಸಿಕೊಂಡು ಹೇಳಿದೆ. ಮುಂದಿನ ಸಲ ಎಲ್ಲರೂ ತಮ್ಮದೇ ಒಂದು ಕೆಲಸ ತಂದು ಕೂತು ಬಿಗಿಯಬೇಕು ಅಂತ ಗುಂಪಿನವರೇ ಹೇಳಿದ್ದಾರೆ. ನನಗಂತೂ ಇದಕ್ಕಿಂತ ಸಂತೋಷ ಬೇರೆ ಇಲ್ಲ.

ಮ್ಯಾಟಿ_ಹುಡುಗಿ

ನಾನೂ ಬರಬಹುದಾ ಅಕ್ಕ? ಬಟ್ಟೆಗೆ ಕಾಟನ್ ಪಟ್ಟಿ ಹೊಲಿದಾಯಿತು, 19 ಕ್ಕೆ 17 ಸರಿಯಾಗಿ ಬಂತು.

ಬಸವನಗುಡಿ_ಸೂಜಿ

ಬಾ ಪುಟ್ಟಿ. ರಟ್ಟು ಈಗಲೇ ಕತ್ತರಿಸಬೇಡ, ಮೊದಲು ಫ್ರೇಮ್ ಪಟ್ಟಿ ಆರಿಸಿಕೋ.

ರಾಜಾಜಿನಗರ_ಕೈಕೆಲಸ

ಒಂದು ಪ್ರಶ್ನೆ ಉಳಿದಿದೆ. ಅತ್ತೆಯವರ ಕ್ರಾಸ್ ಸ್ಟಿಚ್ ಒಂದಿದೆ. ಅಂಗಡಿಯೊಂದರಲ್ಲಿ ಪೂರ್ತಿ ಅಂಟು ಬಳಿದು ರಟ್ಟಿಗೆ ಅಂಟಿಸಿದ್ದಾರೆ. ಕೀಳಲಾ?

ಎಳೆ_ಎಳೆ

ದಯವಿಟ್ಟು ಕೀಳಬೇಡಿ. ಅಂಟು ಹೊಲಿಗೆಯ ಹಿಂಭಾಗಕ್ಕೂ ಹಿಡಿದಿರುತ್ತದೆ, ಎಳೆದರೆ ದಾರವೂ ಬರುತ್ತೆ. ಬಿಸಿ, ನೀರು ಯಾವುದನ್ನೂ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಬೆಂಗಳೂರಿನಲ್ಲಿ ಇಂಟ್ಯಾಕ್‌ (ಪರಂಪರೆ ಉಳಿಸಲು ಕೆಲಸ ಮಾಡುವ ಸಂಸ್ಥೆ) ನಡೆಸುವ ಕಲಾ ಸಂರಕ್ಷಣಾ ಕೇಂದ್ರವಿದೆ, ಒಮ್ಮೆ ತೋರಿಸಿ ಕೇಳಿ. ಸದ್ಯಕ್ಕೆ ಗಾಜು ತಾಗುತ್ತಿದ್ದರೆ ನಡುವೆ ಮೌಂಟ್ ಕೊಡಿಸಿ, ಹಿಂದೆ ಪ್ಲೈವುಡ್ ಇದ್ದರೆ ಆಸಿಡ್-ಫ್ರೀ ಬೋರ್ಡ್ ಹಾಕಿಸಿ, ಬಿಸಿಲು ಬೀಳದ ಗೋಡೆಗೆ ಸರಿಸಿ. ಅಷ್ಟು ಮಾಡಿದರೂ ಅದು ಈಗಿನದಕ್ಕಿಂತ ಎಷ್ಟೋ ಸುರಕ್ಷಿತ.

ಫ್ರೇಮ್_ಅಂಗಡಿ_ಬಳೇಪೇಟೆ

ಮೌಂಟ್ ಕೆಲಸಕ್ಕೆ ಯಾವ ಅಂಗಡಿಗೆ ಹೋದರೂ ಎದುರಿಗೇ ಬಿಚ್ಚಿಸಿ ಮೇಡಂ. ರಟ್ಟು ಅಂಚಿನಲ್ಲಿ ಪುಡಿಯಾಗಿದ್ದರೆ ಅಲುಗಾಡಿಸದೆ ಅದೇ ಫ್ರೇಮಿನಲ್ಲಿ ವಾಪಸ್ ಕೂರಿಸಲು ಹೇಳಿ.